ಗುಂಡಿನ ಜಿಡ್ಡು, ಕೊಡಗಿನ ಕೋವಿ

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸುವ ಕೆಲಸ ಶುರು. ಪೂಜೆಗೆ ಇಟ್ಟು ತೋಕ್‌ಪೂ ಎಂಬ ಹೂ ಸಿಕ್ಕಿಸುವ ಮೊದಲು ನಳಿಗೆ ಚೊಕ್ಕ ಆಗಬೇಕು. ಕೋಲಿಗೆ ಬಟ್ಟೆ ಸುತ್ತಿ ಎಳೆದರೆ ಕಪ್ಪು ಮಸಿ ಬರುತ್ತದೆ. ಬರೀ ಸೀಸದ ಗುಂಡು ಹಾರಿಸಿದ ರೈಫಲ್ ಆದರೆ ಕೆಲವೊಮ್ಮೆ ಬೂದು ಬಣ್ಣದ ತೆಳು ಸಿಪ್ಪೆಯೂ ಬರುತ್ತದೆ. ಅದು ನಳಿಗೆಗೆ ಅಂಟಿದ ಸೀಸ. ಗುಂಡಿನ ಅಳತೆಗೆ, ಅದಕ್ಕೆ ಹಚ್ಚುವ ಜಿಡ್ಡಿಗೆ ಜನ ಇಷ್ಟು ತಲೆ ಕೆಡಿಸಿಕೊಂಡಿದ್ದೆಲ್ಲ ಈ ಸಿಪ್ಪೆ ಮತ್ತು ಮಸಿಯ ಕಾಟಕ್ಕೇ.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೌದೆ ಒಲೆ ಸಾಕು. ಹಾಗಾಗಿ ಒಂದು ಕಾಲದಲ್ಲಿ ಲೋಕದಲ್ಲೆಲ್ಲ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುತ್ತಿದ್ದರು. ಆದರೆ ಆರುವಾಗ ಸೀಸ ಕುಗ್ಗುತ್ತದೆ. ಅಚ್ಚಿನ ಎರಡು ಹೋಳು ಸೇರುವಲ್ಲಿ ಗೆರೆ ಏಳುತ್ತದೆ. ಗುಂಡು ಪೂರ್ತಿ ದುಂಡಗಿರುವುದೇ ಇಲ್ಲ. ಕೊಂಚ ಸಣ್ಣದಾದರೆ ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಅದಕ್ಕೇ ಗುಂಡನ್ನು ಉಕ್ಕಿನ ಬಳೆಯೊಳಗೆ ತೂರಿಸಿ, ನಳಿಗೆಗಿಂತ ಕೂದಲೆಳೆಯಷ್ಟು ದಪ್ಪಕ್ಕೆ ತರುವ ಪದ್ಧತಿ ಬಂತು.

ಅದಕ್ಕೂ ಮುಂಚಿನ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳಲ್ಲಿ ಲೆಕ್ಕ ಬೇರೆ. ಗುಂಡು ಸಣ್ಣದೇ ಇರಬೇಕು, ಇಲ್ಲದಿದ್ದರೆ ಒಳಗೆ ಇಳಿಯುವುದಿಲ್ಲ. ಜಿಡ್ಡು ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಇಳಿಸುತ್ತಿದ್ದರು. ಕರಿಮದ್ದಿನ ಮಸಿ ಗಟ್ಟಿಯಾಗದಂತೆ ನೋಡಿಕೊಳ್ಳುತ್ತಿದ್ದದ್ದೂ ಆ ಜಿಡ್ಡೇ. 1849ರಲ್ಲಿ ಫ್ರಾನ್ಸಿನ ಮಿನಿಯೇ ಬುಡ ಟೊಳ್ಳಾದ ಗುಂಡು ತಂದ. ಸಲೀಸಾಗಿ ಇಳಿಯುತ್ತದೆ, ಸಿಡಿದಾಗ ಬುಡ ಅರಳಿ, ಗುಂಡು ತಿರುಗಲೆಂದು ನಳಿಗೆಯೊಳಗೆ ಕೊರೆದ ಗೀರುಗಳನ್ನು ಹಿಡಿಯುತ್ತದೆ. ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್ ಇದೇ ಜಾತಿಯದು. ಅದರ ತೋಟಾಗೆ, ಅಂದರೆ ಮದ್ದು ಗುಂಡು ಸುತ್ತಿಟ್ಟ ಕಾಗದದ ಪೊಟ್ಟಣಕ್ಕೆ, ಕೊಬ್ಬು ಸವರಿರುತ್ತಿತ್ತು, ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ದನದ ಕೊಬ್ಬು, ಹಂದಿ ಕೊಬ್ಬು ಎಂಬ ಮಾತು ಹಬ್ಬಿತು. ನಿಮಗೆ ಬೇಕಾದ ಜಿಡ್ಡು ನೀವೇ ಹಚ್ಚಿಕೊಳ್ಳಿ, ಕಚ್ಚುವುದೂ ಬೇಡ, ಕೈಯಿಂದ ಹರಿಯಿರಿ ಎಂದು ಅಧಿಕಾರಿಗಳು ಹೇಳಿ ನೋಡಿದರು. ಯಾರೂ ನಂಬಲಿಲ್ಲ. 1857ರ ಮೇ 10ರಂದು ಮೀರಠ್‌ನಲ್ಲಿ ದಂಗೆ ಎದ್ದಿತು. ದಂಗೆಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು, ಜಿಡ್ಡು ಕಿಡಿ ಹಚ್ಚಿತು ಅಷ್ಟೇ.

ದಂಗೆ ಅಡಗಿದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು, ನಿಷ್ಠೆಗೆ ಕೊಟ್ಟ ಬಹುಮಾನ ಎಂದು. ಈ ಕಥೆ ಹೇಳುವಾಗ ನಮ್ಮಲ್ಲಿ ಶೌರ್ಯದ ಮಾತು ಜಾಸ್ತಿ, ದಂಗೆಯ ಮಾತು ಕಮ್ಮಿ. ಎರಡನ್ನೂ ಸೇರಿಸಿ ಹೇಳಿದರೇ ಸರಿ ಅಲ್ವಾ?

ಗುಂಡಿನ ಕಡೆ ಬಂದರೆ, 1884ರಲ್ಲಿ ಹೊಗೆಯಿಲ್ಲದ ಮದ್ದು ಬಂದು ಎಲ್ಲ ತಲೆಕೆಳಗಾಯಿತು. ವೇಗ, ಬಿಸಿ ಎರಡೂ ಏರಿದವು. ಮೇಣ, ಕೊಬ್ಬು ತಡೆಯಲಿಲ್ಲ. ಗುಂಡಿಗೆ ತಾಮ್ರದ ಹೊದಿಕೆ ಬಂತು. ಮನೆ ಎರಕ ಅಮೆರಿಕದಂಥ ಕಡೆ ಹವ್ಯಾಸವಾಗಿ ಉಳಿಯಿತು. ಗುಂಡಿನ ಸುತ್ತ ಕೊರೆದ ಗೀರುಗಳಲ್ಲಿ ಜೇನುಮೇಣ ಮತ್ತು ಆಲಾಕ್ಸ್ ಎಂಬ ಜಿಡ್ಡನ್ನು ಸಮಪಾಲು ಬೆರೆಸಿ ತುಂಬುತ್ತಾರೆ. ಈಚೆಗೆ ಜಿಡ್ಡಿನ ಬದಲು ಗುಂಡಿಗೆ ಬಣ್ಣದ ಪುಡಿ ಹಚ್ಚಿ ಓವನ್‌ನಲ್ಲಿ ಬೇಯಿಸುವುದೂ ಇದೆ.

ಇಲ್ಲಿ ಆ ಹವ್ಯಾಸಕ್ಕೆ ಸುಮ್ನೆ ಕೈ ಹಾಕುವಂತಿಲ್ಲ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳಲು. ಮದ್ದುಗುಂಡು ತಯಾರಿಸಲು 1959ರ ಆಯುಧ ಕಾಯ್ದೆಯಡಿ ಬೇರೆಯೇ ಲೈಸೆನ್ಸ್ ಬೇಕು.

ಹಾಗೆಂದು ಜಿಡ್ಡು ಕೊಡಗಿನಿಂದ ಹೋಗಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಪಾಯಿಂಟ್ 22 (ನಳಿಗೆಯ ಅಳತೆ 0.22 ಇಂಚು) ರೈಫಲ್ ಬಳಸುತ್ತಾರಲ್ಲ, ಅದರ ಹೆಚ್ಚಿನ ಗುಂಡು ಇಂದಿಗೂ ಸೀಸದ್ದೇ, ಕಾರ್ಖಾನೆಯಲ್ಲೇ ಮೇಣ ಸವರಿ ಬರುತ್ತದೆ. ಮುಟ್ಟಿದರೆ ಬೆರಳು ಜಿಡ್ಡಾಗುತ್ತದೆ. ಅವನ್ನು ಬಿಡಿಬಿಡಿಯಾಗಿ ಜೇಬಿಗೆ ಸುರಿದುಕೊಳ್ಳಬಾರದು. ಧೂಳು ಮೆತ್ತಿದರೆ ಮೇಣ ಇದ್ದೂ ದಂಡ.