ಇ. ಕೊಲೈ ಮನೆಯ ಪಾತ್ರೆ ಪಗಡಿ

‘ಬಾವಿ ನೀರಿನಲ್ಲಿ ಇ. ಕೊಲೈ ಪತ್ತೆ’ ಎಂದು ಸುದ್ದಿ ಬಂದರೆ ಊರಿಗೆ ಊರೇ ಬೆಚ್ಚುತ್ತದೆ. ಬೆಚ್ಚಬೇಕಾದದ್ದೇ. ನೀರಿಗೆ ಮಲ ಸೇರಿದೆ ಎಂಬುದಕ್ಕೆ ಕರುಳಿನಲ್ಲಿ ಬಾಳುವ ಈ ಬ್ಯಾಕ್ಟೀರಿಯ ಸಾಕ್ಷಿ. ಆದರೆ ಸಾಕ್ಷಿ ಹೇಳಲು ಬಂದವನನ್ನೇ ಕಳ್ಳ ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆ ಸುದ್ದಿ ಓದುವವರ ಕರುಳಿನಲ್ಲೂ ಕೋಟಿಗಟ್ಟಲೆ ಇ. ಕೊಲೈಗಳು ಕೆ ವಿಟಮಿನ್ ತಯಾರಿಸುತ್ತ ಕೂತಿರುತ್ತವೆ.

1885ರಲ್ಲಿ ಮಕ್ಕಳ ವೈದ್ಯ ಥಿಯೋಡೋರ್ ಎಶರಿಕ್ ಇದನ್ನು ಗುರುತಿಸಿದ್ದು ಹಸುಗೂಸುಗಳ ಮಲದಲ್ಲಿ. ಅದಕ್ಕಿಂತ ಸ್ವಾರಸ್ಯದ್ದು ಮೊದಲ ಮಹಾಯುದ್ಧದ ಕಥೆ. ಜೊತೆಗಾರರು ಆಮಶಂಕೆ ಹಿಡಿದು ಮಲಗಿದಾಗ ಒಬ್ಬ ಸೈನಿಕನಿಗೆ ಮಾತ್ರ ಏನೂ ಆಗಲಿಲ್ಲ. ಫ್ರೈಬರ್ಗಿನ ವೈದ್ಯ ಆಲ್ಫ್ರೆಡ್ ನಿಸ್ಲೆ ಅವನ ಮಲದಿಂದ ಒಂದು ಇ. ಕೊಲೈ ತಳಿಯನ್ನು ಬೇರ್ಪಡಿಸಿ ಔಷಧವಾಗಿಸಿದ. ‘ನಿಸ್ಲೆ 1917’ ಹೆಸರಿನ ಆ ತಳಿ ಈಗಲೂ ಜರ್ಮನಿಯಲ್ಲಿ ಕ್ಯಾಪ್ಸೂಲಿನಲ್ಲಿ ಸಿಗುತ್ತದೆ.

ಹೆಸರು ಒಂದೇ, ಗುಣ ಏಕೆ ಬೇರೆ? ಪ್ರಯೋಗಾಲಯದ ಸಾಧುಪ್ರಾಣಿ ಕೆ-12 ತಳಿಯ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎ ಬರಹವನ್ನು, 1997ರಲ್ಲಿ ಪೂರ್ತಿ ಓದಿದರು, 46 ಲಕ್ಷ ಅಕ್ಷರ. 2001ರಲ್ಲಿ ರಕ್ತಭೇದಿ ತರುವ ಒ157 ತಳಿಯನ್ನು ಓದಿದರೆ 55 ಲಕ್ಷ! ಕೆ-12ರಲ್ಲಿ ಇಲ್ಲದ 1,387 ಜೀನುಗಳು ಅದರಲ್ಲಿದ್ದವು. 2009ರಲ್ಲಿ 20 ತಳಿಗಳನ್ನು ಹೋಲಿಸಿದಾಗ ಎಲ್ಲದರಲ್ಲೂ ಇದ್ದ ಜೀನುಗಳು ಸುಮಾರು 2,000. ಎಲ್ಲ ತಳಿಗಳದ್ದೂ ಕೂಡಿಸಿದರೆ ಹತ್ತಿರ ಹತ್ತಿರ 18,000. ಜೀನುಗಳೂ ಮನೆಯ ಪಾತ್ರೆಗಳ ಹಾಗೆಯೇ: ಅನ್ನದ ತಪ್ಪಲೆ, ಸಾರಿನ ಸೌಟು ಎಲ್ಲರ ಮನೆಯಲ್ಲೂ ಇವೆ. ಕೊಪ್ಪರಿಗೆ, ಜಾಲರಿಗಳು ಊರೊಳಗೆ ಮನೆಯಿಂದ ಮನೆಗೆ ಓಡಾಡುತ್ತಿರುತ್ತವೆ. ಯಾರ ಮನೆಯಲ್ಲಿ ಇವತ್ತು ಏನಿದೆ ಎಂಬುದು ಬಾಗಿಲ ಮೇಲಿನ ಹೆಸರು ನೋಡಿದರೆ ಗೊತ್ತಾಗುವುದಿಲ್ಲ.

ಈ ಓಡಾಟದಲ್ಲಿ ನನಗೆ ಅತಿ ಪ್ರಿಯವಾದದ್ದು ಫೇಜ್ ವೈರಸ್ಸಿನ ಕಸುಬು. ಒ157ರ ಕುಖ್ಯಾತ ಶಿಗಾ ವಿಷದ ಜೀನು ಮೂಲದಲ್ಲಿ ಬ್ಯಾಕ್ಟೀರಿಯದ್ದಲ್ಲ, ಅದರೊಳಗೆ ಹೊಕ್ಕ ಫೇಜಿನದು. ಮಾವಿನ ಓಟೆಯೊಳಗಿನ ಹುಳದಂತೆ ಅದು ಬ್ಯಾಕ್ಟೀರಿಯದ ಡಿಎನ್‌ಎ ಒಳಗೆ ಸದ್ದಿಲ್ಲದೆ ಕೂತಿರುತ್ತದೆ. ಅಟ್ಟದ ಮೇಲೆ ಮಲಗಿದ ನೆಂಟ ಅಂದರೂ ಸರಿಯೇ: ಮನೆ ಬೆಳೆದಂತೆ ಅವನ ಸಂಸಾರವೂ ಬೆಳೆಯುತ್ತದೆ, ಖರ್ಚು ಮನೆಯವರದು. ಡಿಎನ್‌ಎಗೆ ಪೆಟ್ಟು ಬಿತ್ತೋ, ನೆಂಟ ಎದ್ದ. ತನ್ನ ನಕಲುಗಳನ್ನು, ಜೊತೆಗೆ ವಿಷವನ್ನು ಮಾಡಿಸಿಕೊಂಡು ಮನೆಯ ಗೋಡೆ ಒಡೆದು ಹೊರಟೇಬಿಡುತ್ತಾನೆ. ಈ ಸೋಂಕಿಗೆ ಕೆಲವು ಆ್ಯಂಟಿಬಯಾಟಿಕ್ ಕೊಡಲು ವೈದ್ಯರು ಹಿಂಜರಿಯುವುದಕ್ಕೆ ಇದೇ ಕಾರಣ. ಏಟು ಬ್ಯಾಕ್ಟೀರಿಯಕ್ಕೆ ಬಿದ್ದರೂ ವಿಷ ರೋಗಿಗೆ.

ಇಂಥದೇ ಫೇಜ್ ಬೇರೊಂದು ತಳಿಯ ಅಟ್ಟವನ್ನೂ ಏರಿತ್ತು. ಕರುಳಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುವ ಒ104 ಅದು. 2011ರಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಅನುಮಾನ ಬಿದ್ದದ್ದು ಸ್ಪೇನಿನ ಸೌತೆಕಾಯಿಯ ಮೇಲೆ. ಕೊನೆಗೆ ಸಿಕ್ಕದ್ದು ಮೆಂತ್ಯದ ಮೊಳಕೆ. ನಮ್ಮಲ್ಲಿ ಮೊಳಕೆ ಕಾಳನ್ನು ಬೇಯಿಸಿ ಉಸಲಿ ಮಾಡುವ ಅಜ್ಜಿಯರಿಗೆ ಒಂದು ನಮಸ್ಕಾರ.

ಇನ್ನು ಔಷಧದ ನಿಸ್ಲೆ? ಅದರ ಹತ್ತಿರದ ಬಂಧುಗಳಲ್ಲಿ ಮೂತ್ರನಾಳಕ್ಕೆ ಸೋಂಕು ತರುವ ತಳಿಗಳಿವೆ. ಅದರ ಜೀನೋಮಿನಲ್ಲೇ ನಮ್ಮ ಜೀವಕೋಶಗಳ ಡಿಎನ್‌ಎಯನ್ನು ಹಾಳುಮಾಡಬಲ್ಲ ಕೊಲಿಬ್ಯಾಕ್ಟಿನ್ ತಯಾರಿಸುವ ಜೀನುಗಳೂ ಇವೆ. ಆ ಗುಂಪಿನ ಒಂದು ಜೀನನ್ನು ಕಿತ್ತುಹಾಕಿ ಇಲಿಗಳಿಗೆ ಕೊಟ್ಟು ನೋಡಿದರು. ವಿಷವೇನೋ ಹೋಯಿತು, ಕರುಳಿನ ಉರಿಯೂತ ತಗ್ಗಿಸುವ ಗುಣವೂ ಅದರ ಜೊತೆಗೇ ಹೋಯಿತು.