ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ ದಿನ ಎತ್ತಬಹುದೇ?

ಸಬ್ಬತ್ ಅಂದರೆ ಯೆಹೂದ್ಯರು ಕೆಲಸ ಬಿಟ್ಟು ವಿಶ್ರಮಿಸುವ ವಾರದ ಪವಿತ್ರ ದಿನ. ಅಂಥ ದಿನ ಸಭಾಮಂದಿರದಲ್ಲಿ ಕೈ ಬತ್ತಿದ ಒಬ್ಬನನ್ನು ಯೇಸು ವಾಸಿಮಾಡಿದರು. ಧರ್ಮಶಾಸ್ತ್ರದ ಪಾಲನೆಗೆ ಒತ್ತು ಕೊಡುತ್ತಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರು ಸಿಟ್ಟಾದರು. ಶತಮಾನಗಳ ಕಾಲ ಈ ಕಥೆಯನ್ನು ಕರುಣೆಯ ಯೇಸು, ಕಲ್ಲುಹೃದಯದ ಯೆಹೂದ್ಯರು ಎಂದೇ ಓದಿದರು. ಯೇಸುವೂ ಯೆಹೂದ್ಯರೇ ಅಲ್ವಾ? ಅದು ಮರೆತೇ ಹೋಗಿತ್ತು.

19ನೇ ಶತಮಾನದಲ್ಲಿ ಜರ್ಮನಿಯ ರಬ್ಬಿ (ಯೆಹೂದ್ಯ ಧರ್ಮಗುರು) ಅಬ್ರಹಾಂ ಗೈಗರ್ ಇದಕ್ಕೆ ತಕರಾರು ತೆಗೆದರು. ಯೇಸುವನ್ನೂ ಫರಿಸಾಯರ ಸಾಲಿಗೇ ಸೇರಿಸಿದರು. ಕ್ರೈಸ್ತ ವಿದ್ವಾಂಸರಲ್ಲಿ ಹೆಚ್ಚಿನವರಿಗೆ ಅದು ರುಚಿಸಲಿಲ್ಲ.

ಆಮೇಲೆ ಕೈರೋದ ಹಳೆಯ ಸಭಾಮಂದಿರವೊಂದರಲ್ಲಿ ಸಿಕ್ಕ ಹಸ್ತಪ್ರತಿಯೊಂದು 1910ರಲ್ಲಿ ಅಚ್ಚಾಯಿತು. ಅದರದೇ ತುಣುಕುಗಳು ಮುಂದೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲೂ ಸಿಕ್ಕವು. ಸಬ್ಬತ್ ದಿನ ಪ್ರಾಣಿ ಗುಂಡಿಗೆ ಬಿದ್ದರೆ ಎತ್ತಬಾರದು ಎಂದು ಅದರಲ್ಲಿದೆ. ಈಗ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲೊಂದಾದ ಮತ್ತಾಯದ 12ನೇ ಅಧ್ಯಾಯ ತೆರೆಯಿರಿ. ನಿಮ್ಮ ಕುರಿ ಗುಂಡಿಗೆ ಬಿದ್ದರೆ ಎತ್ತುವುದಿಲ್ಲವೇ ಎಂದು ಯೇಸು ಕೇಳುತ್ತಾರೆ. ಎದುರಿಗಿದ್ದವರು "ಎತ್ತುತ್ತೇವೆ" ಅನ್ನುವವರಾದರೆ ಮಾತ್ರ ಈ ಪ್ರಶ್ನೆಗೆ ಬಲ. ಅಂದರೆ ಫರಿಸಾಯರು ಈ ನಿಯಮ ಇಟ್ಟುಕೊಂಡಿದ್ದ ಕುಮ್ರಾನಿನ ಪಂಗಡದವರಷ್ಟು ಬಿಗಿ ಇರಲಿಲ್ಲ. ಜೀವ ಹೋಗುವಂತಿದ್ದರೆ ಸಬ್ಬತ್ ಮುರಿಯಲೇಬೇಕು ಅನ್ನುವುದು ರಬ್ಬಿಗಳ ಮಾತು. ಅದು ಬರಹಕ್ಕೆ ಇಳಿದದ್ದು ಸುವಾರ್ತೆಗಳ ನಂತರ, ಹಾಗಾಗಿ ಹುಷಾರಾಗಿ ಬಳಸಬೇಕು. ಆದರೂ ಜಗಳ ಯಾವುದರ ಬಗ್ಗೆ ಎಂದು ಅದರಿಂದ ಗೊತ್ತಾಗುತ್ತದೆ. ಬತ್ತಿದ ಕೈಯಿಂದ ಜೀವಕ್ಕೇನೂ ಅಪಾಯವಿಲ್ಲ, ನಾಳೆಯವರೆಗೆ ಕಾಯಬಹುದಿತ್ತಲ್ಲ? ಒಂದೇ ಧರ್ಮಶಾಸ್ತ್ರವನ್ನು ಪ್ರೀತಿಸುವವರು ಮಾಡುವ ವಾದ ಇದು.

ಇದನ್ನು ಮನೆಯೊಳಗಿನ ವಾದ ಎಂದು ಓದದೇ ಹೋದದ್ದಕ್ಕೆ ತೆತ್ತ ಬೆಲೆ ದೊಡ್ಡದು. ಚರ್ಚಿನಲ್ಲಿರುವ ಯೆಹೂದ್ಯ ಪ್ರಭಾವವನ್ನು ಅಳಿಸಲೆಂದೇ 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದ್ದು ಪ್ರಾಟೆಸ್ಟಂಟ್ ಚರ್ಚುಗಳೇ. ಫ್ರೆಂಚ್ ಇತಿಹಾಸಕಾರ ಜೂಲ್ ಇಸಾಕ್ ತಮ್ಮ ಹೆಂಡತಿ ಮತ್ತು ಮಗಳನ್ನು ನಾಜಿಗಳ ಕೈಯಲ್ಲಿ ಕಳೆದುಕೊಂಡರು. ಆ ದುಃಖದ ನಡುವೆಯೇ ಸುವಾರ್ತೆಗಳನ್ನು ಸಾಲುಸಾಲಾಗಿ ಮತ್ತೆ ಓದಿದರು. 1960ರಲ್ಲಿ ಪೋಪ್ 23ನೇ ಜಾನ್ ಅವರನ್ನು ಕಂಡು, ಚರ್ಚು ಕಲಿಸುವ ರೀತಿ ಬದಲಾಗಬೇಕು ಎಂದು ಕೇಳಿಕೊಂಡರು. 1965ರಲ್ಲಿ ವ್ಯಾಟಿಕನ್ ಮಹಾಸಭೆ, ಯೇಸುವಿನ ಸಾವಿನ ಹೊಣೆಯನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸುವಂತಿಲ್ಲ ಎಂದು ಘೋಷಿಸಿತು.

ಆಮೇಲೆ ಗೇಜಾ ವೆರ್ಮೆಶ್, ಇ. ಪಿ. ಸ್ಯಾಂಡರ್ಸ್, ಏಮಿ-ಜಿಲ್ ಲೆವೀನ್ ಅವರಂಥ ವಿದ್ವಾಂಸರು ಯೇಸುವನ್ನು ಯೆಹೂದ್ಯರಾಗಿಯೇ ಓದುವ ಈ ದಾರಿಯನ್ನು ಅಗಲ ಮಾಡಿದರು. ಫರಿಸಾಯರ ಬಗ್ಗೆಯೇ 2019ರಲ್ಲಿ ರೋಮ್‌ನಲ್ಲಿ ಒಂದು ಸಮ್ಮೇಳನವೂ ನಡೆಯಿತು.

ಚರ್ಚಿನಲ್ಲಿ ಮಾಡುವ ಪ್ರಸಂಗಗಳು (ಉಪದೇಶಗಳು) ಮಾತ್ರ ಅಷ್ಟು ಬೇಗ ಬದಲಾಗಿಲ್ಲ. ಅರಸ ಹೆರೋದನು ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಎಂದು ಯೇಸುವನ್ನು ಎಚ್ಚರಿಸುವವರು ಕೆಲವು ಫರಿಸಾಯರು. ಲೂಕ 13ರ ಆ ವಚನದ ಮೇಲೂ ಒಂದು ಭಾನುವಾರ ಪ್ರಸಂಗ ಕೇಳಬೇಕೆಂದು ನನಗೆ ಆಸೆ.