ಚೌಕಾಬಾರಕ್ಕೆ ಅನ್ರಿಯಲ್ ಯಾಕೆ?

"ಸರ್, ಯಾವ ಎಂಜಿನ್ ಬೆಸ್ಟ್?" ಗೇಮ್ ಮಾಡಲು ಹೊರಟವರೆಲ್ಲ ಮೊದಲು ಕೇಳುವುದು ಇದನ್ನೇ. ಎಂಜಿನ್ ಅಂದರೆ ಗೇಮ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್. ಯಾವ ಗೇಮ್ ಅಂತ ನಾನು ತಿರುಗಿ ಕೇಳಿದರೆ ಮುಖ ಸಪ್ಪಗಾಗುತ್ತದೆ.

ಈಚೆಗೆ ದಾವಣಗೆರೆಯ ಇಬ್ಬರು ಹುಡುಗರು ಬಂದಿದ್ದರು. ಫೋನಿನಲ್ಲಿ ಆಡುವ ಚೌಕಾಬಾರ ಮಾಡುತ್ತಿದ್ದಾರೆ. ಐದೈದು ಮನೆಯ ಚೌಕ, ನಾಲ್ಕು ಕವಡೆ, ಕಾಯಿಗಳು, ಅಷ್ಟೇ. ಅದಕ್ಕೆ ಅನ್ರಿಯಲ್ ಅನ್ನುವ ಭಾರೀ ಎಂಜಿನ್ ಹಿಡಿದು ಕೂತಿದ್ದಾರೆ, ಲ್ಯಾಪ್‌ಟಾಪ್ ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತಿದೆ. ಯಾಕಪ್ಪಾ ಇದು ಅಂದೆ. "ಗ್ರಾಫಿಕ್ಸ್ ಚೆನ್ನಾಗಿ ಬರುತ್ತೆ ಅಂತ ಸರ್." ಇನ್ನು ಕಾಯಿ ಹೊಡೆದವರಿಗೆ ಮತ್ತೊಂದು ಆಟ ಸಿಗುತ್ತದೋ ಇಲ್ಲವೋ ಅಂತ ಕೇಳಿದರೆ ಒಬ್ಬ ಹೌದು ಅಂದ, ಇನ್ನೊಬ್ಬ ನಮ್ಮ ಮನೇಲಿ ಹಾಗಿಲ್ಲ ಅಂದ. ಅದೇ ಇನ್ನೂ ತೀರ್ಮಾನ ಆಗಿಲ್ಲ! ಒಳ್ಳೆ ಹುಡುಗರು, ಬೈಯಲು ಮನಸ್ಸು ಬರಲಿಲ್ಲ.

ಗ್ರಾಫಿಕ್ಸ್ ಎಂಜಿನ್‌ನಿಂದ ಬರುವುದಿಲ್ಲ. ಚಿತ್ರ ಬರೆಯುವವರಿಂದ ಬರುತ್ತದೆ. ಯೂಟ್ಯೂಬಿನ ಡೆಮೊದಲ್ಲಿ ಕಾಣುವ ಆ ಬಂಡೆ, ಆ ಬೆಳಕು, ಗಾಳಿಗೆ ಹಾರುವ ಕೂದಲು, ಇದನ್ನೆಲ್ಲ ಸಂಬಳಕ್ಕಿರುವ ದೊಡ್ಡ ತಂಡ ತಿಂಗಳುಗಟ್ಟಲೆ ಕೂತು ಮಾಡಿರುತ್ತದೆ. ನೀವು ಕೊಟ್ಟದ್ದನ್ನು ಎಂಜಿನ್ ಪರದೆಗೆ ತರುತ್ತದೆ. ಕೊಡದೇ ಇದ್ದದ್ದನ್ನು ಎಲ್ಲಿಂದ ತರಬೇಕು? 2016ರ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಗೇಮನ್ನು ಎರಿಕ್ ಬರೋನ್ ಒಬ್ಬರೇ ಮಾಡಿದ್ದು ಗೇಮ್ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಎಕ್ಸ್‌ಎನ್‌ಎ ಮೇಲೆ, ಗೇಮ್ ಬರುವ ಹೊತ್ತಿಗೆ ಕಂಪನಿ ಅದನ್ನು ಕೈಬಿಟ್ಟೂ ಆಗಿತ್ತು. 2024ರಲ್ಲಿ ಎಲ್ಲರಿಗೂ ಹುಚ್ಚು ಹಿಡಿಸಿದ ಬಲಾಟ್ರೋ ಇಸ್ಪೀಟಾಟ ಲವ್ ಅನ್ನುವ ಪುಟ್ಟ ಉಚಿತ ಚೌಕಟ್ಟಿನಲ್ಲಿ, ಲುವಾ ಭಾಷೆಯಲ್ಲಿ ಆದದ್ದು. ಆಡುವವರು ಯಾರೂ ಎಂಜಿನ್ ಯಾವುದು ಅಂತ ಕೇಳಿಕೊಂಡು ಆಡಲಿಲ್ಲ ಅಲ್ವಾ?

ಹಾಗಂತ ಯಾವುದಾದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಆಟದಲ್ಲಿ ಯಾವುದು ಜಾಸ್ತಿ ಕಷ್ಟವೋ ಅದೊಂದನ್ನೇ ಎರಡು ಎಂಜಿನ್‌ಗಳಲ್ಲಿ ಮಾಡಿ, ಮನೆಯಲ್ಲಿರುವ ಅತಿ ಅಗ್ಗದ ಫೋನಿಗೆ ಹಾಕಿ ನೋಡಿ. ಕನ್ನಡದ ಗೇಮ್ ಆದರೆ ಪರದೆ ಮೇಲೆ "ರಾಷ್ಟ್ರ", "ಸ್ತ್ರೀ" ಬರೆಸಿ. ಯೂನಿಟಿ ಎಂಜಿನ್‌ನಲ್ಲಿ ಬರಹ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ತಾನಾಗಿ ಕೂಡಿಸುವುದಿಲ್ಲ, ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕೂರುತ್ತವೆ. 2023ರಲ್ಲಿ ಬಂದ ಗೊಡೋ 4 ಎಂಜಿನ್ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಸಾಫ್ಟ್‌ವೇರ್ ಬಳಸುವುದರಿಂದ ಅಲ್ಲಿ ಸರಿಯಾಗಿ ಬರುತ್ತದೆ. ಅನ್ರಿಯಲ್‌ನಲ್ಲೂ ಅದೇ ಇದೆ. ಯೂನಿಟಿಯ ಹೊಸ ಆವೃತ್ತಿಗಳಲ್ಲಿ ಬೇರೆ ದಾರಿ ತೆರೆದಿದೆ, ಆದರೆ ನಿಮ್ಮ ಆವೃತ್ತಿಯಲ್ಲೇ ಪರೀಕ್ಷಿಸಿ, ನನ್ನ ಮಾತು ನಂಬಿ ಕೂರಬೇಡಿ. ಇಂಥದ್ದು ಬಿಡುಗಡೆಯ ಹಿಂದಿನ ವಾರ ಗೊತ್ತಾದರೆ ಅಳುವುದೊಂದೇ ಬಾಕಿ.

ದುಡ್ಡಿನ ಲೆಕ್ಕ ಇಷ್ಟೇ. ಗೊಡೋಗೆ ಏನೂ ಕೊಡಬೇಕಿಲ್ಲ, ಆದರೆ ಪ್ಲೇಸ್ಟೇಷನ್, ಸ್ವಿಚ್ ಥರದ ಗೇಮ್ ಯಂತ್ರಗಳಿಗೆ ಹೋಗಬೇಕೆಂದರೆ ಹೊರಗಿನವರ ನೆರವು ಬೇಕಾಗುತ್ತದೆ. ಅನ್ರಿಯಲ್ ಒಂದು ಗೇಮಿನ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದ ಮೇಲೆ, ಸಾಮಾನ್ಯವಾಗಿ ಶೇ 5 ಕೇಳುತ್ತದೆ. ಆ ಚಿಂತೆ ಬಂದರೆ ಸಂತೋಷವೇ. ಯೂನಿಟಿ 2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಅಂತ ಹೇಳಿ ದೊಡ್ಡ ಗಲಾಟೆಯಾಯಿತು, ಮರುವರ್ಷ ಅದನ್ನು ಕೈಬಿಟ್ಟಿತು. ಷರತ್ತುಗಳು ಬದಲಾಗುತ್ತಲೇ ಇರುತ್ತವೆ, ಒಪ್ಪಿಗೆ ಕೊಡುವ ಮುಂಚೆ ಇವತ್ತಿನದನ್ನು ಓದಿ.

ಆ ಗಲಾಟೆಯಲ್ಲಿ ಅರ್ಧ ಮುಗಿದ ಗೇಮನ್ನು ಬಿಸಾಕಿ ಎಂಜಿನ್ ಬದಲಿಸಿದವರನ್ನು ನೋಡಿದ್ದೇನೆ. ಸಿಟ್ಟು ನ್ಯಾಯವಾದದ್ದೇ. ಆದರೆ ಮುಕ್ಕಾಲು ಆಗಿದ್ದರೆ ಅದರಲ್ಲೇ ಮುಗಿಸಿ, ಮುಂದಿನದಕ್ಕೆ ಬದಲಿಸಿ ಅಂತಲೇ ನಾನು ಹೇಳುವುದು. ಇನ್ನು ನನ್ನ ಹತ್ತಿರ ಬರುವವರು ದಯವಿಟ್ಟು ಪಿಪಿಟಿ ತರಬೇಡಿ. ಫೋನಿನಲ್ಲಿ ಓಡುವ ಒಂದೇ ಒಂದು ಪರದೆ ತನ್ನಿ, ಕಚ್ಚಾ ಇದ್ದರೂ ಪರವಾಗಿಲ್ಲ.